ತಲೆನೋವಿನವನ ಸಾಕ್ಷಿ

ನಾನು ನಿಂತಿದ್ದದ್ದು ಹುಣಸೆಮರದಿಂದ ಉತ್ತರಕ್ಕೆ ಒಂಬತ್ತು ಹೆಜ್ಜೆ ದೂರದಲ್ಲಿ, ಹೊಂಗೆಯ ನೆರಳಿನಲ್ಲಿ, ನನ್ನ ಸ್ಕೂಟರಿಗೆ ಸೊಂಟ ಒರಗಿಸಿಕೊಂಡು. ಕಾರ್ತಿಕ ಮಾಸದ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸ್ಥಳ ಖಚಿತ, ಏಕೆಂದರೆ ಆ ಹೊಲದ ಹತ್ತಿರ ಸ್ಕೂಟರು ನಿಲ್ಲಿಸಬಹುದಾದ ನೆರಳು ಅದೊಂದೇ. ಹೆಜ್ಜೆಯನ್ನು ಆಮೇಲೆ ಎರಡು ಸಲ ಅಳೆದಿದ್ದೇನೆ. ಹೊತ್ತು ಖಚಿತ, ಏಕೆಂದರೆ ಆಗ ನನ್ನ ಹೆಂಡತಿ ಸರೋಜ ಫೋನು ಮಾಡಿ ಮಾತ್ರೆ ನುಂಗಿದಿರಾ ಎಂದು ಕೇಳಿದಳು, ಮೊಬೈಲು ಅದನ್ನು ಬರೆದಿಟ್ಟುಕೊಂಡಿದೆ. ಇಷ್ಟನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅಲ್ಲಿ ನಿಂತು ಏನು ಕಂಡಿರಿ ಎಂದು ಮಾತ್ರ ಯಾರೂ ಕೇಳಬಾರದು. ನಾಲ್ಕು ತಿಂಗಳ ಮೇಲೆ ಕೇಳಿದರು. ನಾನು ಹೇಳಿಯೂ ಬಿಟ್ಟೆ. ಈ ಬರಹ ಆ ಹೇಳಿದ್ದರ ಬಗ್ಗೆ.

ಮೊದಲು ತಲೆನೋವಿನ ವಿಷಯ ಹೇಳಿಬಿಡಬೇಕು. ಅದು ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆ. ರಕ್ತದೊತ್ತಡಕ್ಕೆ ಒಂದು ಅಂಕಿ ಇದೆ, ಸಕ್ಕರೆಗೆ ಒಂದು ಅಂಕಿ ಇದೆ, ಮುರಿದ ಕಾಲಿಗೆ ಬಿಳಿಯ ಕಟ್ಟು ಇದೆ. ತಲೆನೋವಿಗೆ ಏನೂ ಇಲ್ಲ. ಮುಖ ಗಂಟು ಹಾಕಿಕೊಂಡು ಕೂತವನನ್ನು ನೋಡಿದರೆ ಹೆಂಡತಿಯೊಡನೆ ಜಗಳವಾಡಿ ಬಂದವನಂತೆ ಕಾಣುತ್ತಾನೆ. ನಾನು ಊರಿನಿಂದ ಹನ್ನೆರಡು ಕಿಲೋಮೀಟರು ದೂರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರಜೆ ಕೇಳಲು ಹೋದಾಗ ನಮ್ಮ ಹೆಡ್ ಮಾಸ್ಟರು, "ತಲೆ ಇರೋರಿಗೆಲ್ಲ ತಲೆನೋವು ಇದ್ದೇ ಇರುತ್ತೆ ಕಣ್ರೀ" ಎಂದು ನಕ್ಕು ಅರ್ಜಿ ವಾಪಸು ಕೊಟ್ಟಿದ್ದರು. ಅವರ ಮಾತಿನಲ್ಲಿ ಹೊಗಳಿಕೆ ಇದೆಯೇ ಎಂದು ಸ್ಟಾಫ್ ರೂಮಿಗೆ ಬರುವವರೆಗೂ ಯೋಚಿಸಿದೆ, ತಿಳಿಯಲಿಲ್ಲ. ಊರಿನಲ್ಲಿ ಕೆಲವರು ಕಾಫಿ ಬಿಡಿ ಎಂದರು, ಕೆಲವರು ಗಟ್ಟಿಯಾಗಿ ಕಾಫಿ ಕುಡಿಯಿರಿ ಎಂದರು. ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡೆ. ಹಣೆ ಉರಿಯಿತು, ನೋವು ಒಳಗೇ ಇತ್ತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು, ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೀಗಿದ್ದರೆ ಇದು ಹಳೆಯ ಮೈಗ್ರೇನು, ಇದನ್ನು ಓಡಿಸುವುದಕ್ಕಿಂತ ಇದರೊಡನೆ ಒಪ್ಪಂದ ಮಾಡಿಕೊಳ್ಳುವುದು ಸುಲಭ ಎಂದರು.

ಅವರೇ ಇನ್ನೊಂದು ವಿಷಯವನ್ನೂ ಹೇಳಿದರು. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವು ತರುತ್ತದೆ, ಎರಡೂ ಸೇರಿ ಜ್ಞಾಪಕಕ್ಕೂ ಗಮನಕ್ಕೂ ಕೈ ಹಾಕುತ್ತವೆ. ನನಗೆ ಅದು ಹೊಸದಾಗಿರಲಿಲ್ಲ. ನನ್ನ ನಿದ್ದೆ ನಮ್ಮೂರಿನ ಪಂಪ್‌ಸೆಟ್ಟಿನ ಕರೆಂಟಿನ ಹಾಗೆ: ಬರುತ್ತದೆ, ಆದರೆ ಯಾವಾಗ, ಎಷ್ಟು ಹೊತ್ತು ಎಂಬುದನ್ನು ಬೇರೆ ಯಾರೋ ತೀರ್ಮಾನಿಸುತ್ತಾರೆ. ಮಲಗಿದಾಗ ಬರುವುದಿಲ್ಲ, ಒಂಬತ್ತನೆಯ ತರಗತಿಗೆ ಪ್ರಮೇಯ ಬರೆಯುವಾಗ ಬರುತ್ತದೆ. ನೋವಿನ ದಿನಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ತಿಂಗಳಾದ ಮೇಲೆ ಪುಸ್ತಕ ನೋಡಿ, "ಪರವಾಗಿಲ್ಲವಲ್ಲ, ಹನ್ನೊಂದು ದಿನ ಖಾಲಿ ಇದೆ" ಎಂದು ಸಂತೋಷಪಟ್ಟರು. ಆ ಹನ್ನೊಂದು ದಿನ ಬರೆಯಬೇಕೆಂಬುದೇ ನೆನಪಾಗದಷ್ಟು ನೋವಿತ್ತು ಎಂದು ಹೇಳಲು ನನಗೆ ಸಂಕೋಚವಾಯಿತು. ಅವರ ಸಂತೋಷ ನೋಡಿ ಸುಮ್ಮನಾದೆ. ಸುಮ್ಮನಾಗುವ ಈ ಚಾಳಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಅನಾಹುತಕ್ಕೆ ತಲೆನೋವಿಗಿಂತ ಅದೇ ಹೆಚ್ಚು ಕಾರಣ.

ಮರೆವು ಹೇಗಿತ್ತೆಂದರೆ, ಒಂದು ದಿನ ಹಾಲು ಉಕ್ಕದಂತೆ ನೋಡಿಕೊಳ್ಳಿ ಎಂದು ಸರೋಜ ಹೇಳಿಹೋದಳು. ನಾನು ಒಲೆಯ ಮುಂದೆ ಕಣ್ಣು ಮಿಟುಕಿಸದೆ ಹತ್ತು ನಿಮಿಷ ನಿಂತಿದ್ದೆ. ಹಾಲು ಉಕ್ಕಲಿಲ್ಲ. ಒಲೆ ಹಚ್ಚಿರಲಿಲ್ಲ. ಮಾಕಳಿದುರ್ಗದ ಹತ್ತಿರ ರೈಲ್ವೆ ಗೇಟಿನಲ್ಲಿ ರೈಲು ಹೋಗಿ, ಗೇಟು ತೆರೆದು, ಎದುರಿನ ಗಾಡಿಗಳೆಲ್ಲ ಈಚೆಗೆ ಬಂದು ಮುಗಿದರೂ ನಾನು ಸ್ಕೂಟರಿನ ಮೇಲೆ ಕೂತೇ ಇದ್ದೆ. ಬೆಟ್ಟ ಹತ್ತಲು ಬಂದಿದ್ದ ಹುಡುಗರ ಗುಂಪು ಹಿಂದಿನಿಂದ, "ಗುರು, ಮುಂದಿನ ಟ್ರೇನಿಗೂ ಇಲ್ಲೇ ಇರ್ತೀಯಾ?" ಎಂದಿತು. ಮಾತ್ರೆ ನುಂಗಿದ್ದು ಮರೆತು ಮತ್ತೊಂದು ನುಂಗುವುದಂತೂ ಅಪಾಯದ ಮಟ್ಟಕ್ಕೆ ಹೋಯಿತು. ಆಗ ಸರೋಜ ಒಂದು ಉಪಾಯ ಮಾಡಿದಳು. ಮಾತ್ರೆಯ ಪಟ್ಟಿಯ ಬೆನ್ನಿಗೆ, ಒಂದೊಂದು ಮಾತ್ರೆಯ ಹಿಂದೆಯೂ, ಅಳಿಸದ ಶಾಯಿಯಲ್ಲಿ ವಾರದ ಹೆಸರು ಬರೆದಳು. ಸೋಮ, ಮಂಗಳ, ಬುಧ. ಆಯಾ ವಾರದ ಗುಳಿ ಖಾಲಿಯಾಗಿದ್ದರೆ ನುಂಗಿದ್ದೇನೆ ಎಂದರ್ಥ. ಇವತ್ತು ಯಾವ ವಾರ ಎಂಬುದನ್ನು ಮಾತ್ರ ನಾನೇ ತಿಳಿದುಕೊಳ್ಳಬೇಕಿತ್ತು.

ಇದು ಯಾವುದೂ ಊರಿಗೆ ಗೊತ್ತಿರಲಿಲ್ಲ. ಊರಿನಲ್ಲಿ ನಾನು ಖಚಿತ ಮನುಷ್ಯ. ಕೈವಾರವಿಲ್ಲದೆ ಬೋರ್ಡಿನ ಮೇಲೆ ದುಂಡನೆಯ ವೃತ್ತ ಬರೆಯುತ್ತೇನೆ ಎಂಬುದು ಸಾಸಲು ಹಳ್ಳಿಯವರೆಗೂ ಸುದ್ದಿ. ಬೆಳಕು ಚುಚ್ಚುತ್ತದೆಂದು ಹಾಕಿಕೊಳ್ಳುವ ಕಪ್ಪು ಕನ್ನಡಕವನ್ನು ಜನ ಗಾಂಭೀರ್ಯ ಎಂದುಕೊಂಡಿದ್ದರು. ಮಾತಾಡಿದರೆ ಸಿಡಿಯುತ್ತದೆಂದು ಕಡಿಮೆ ಮಾತಾಡುವುದನ್ನು ತೂಕ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ಇಲ್ಲದ ಗುಣವನ್ನು ಜನ ತಾವಾಗಿಯೇ ಕೊಟ್ಟರೆ ಬೇಡ ಎನ್ನುವಷ್ಟು ಖಚಿತ ಮನುಷ್ಯ ನಾನಲ್ಲ.

ಹಾಗಾಗಿ ನಂಜಮ್ಮನವರ ಹೊಲಕ್ಕೆ ಸರ್ವೆಯವರು ಬಂದ ದಿನ ಸಾಕ್ಷಿಗೆ ನನ್ನನ್ನು ಕರೆದರು. ನಂಜಮ್ಮ ನಮ್ಮ ಬೀದಿಯ ಕೊನೆಯ ಮನೆಯವರು, ಗಂಡ ಇಲ್ಲ. ಹೊಲ ಅವರಿಗೂ ಮೈದುನ ರಾಜಣ್ಣನಿಗೂ ಭಾಗವಾಗಿತ್ತು: ಮೂಡಲ ಭಾಗ ಅವರದು, ಪಡುವಲ ಭಾಗ ರಾಜಣ್ಣನದು. ನಡುವಿನ ಬದುವಿನ ಮೇಲೆ ಒಂದು ಹುಣಸೆಮರ. ಗಡಿಯ ಕಲ್ಲು ಮರದ ಪಡುವಲಿಗೆ ಬಿದ್ದರೆ ಮರ ನಂಜಮ್ಮನದು, ಮೂಡಲಿಗೆ ಬಿದ್ದರೆ ರಾಜಣ್ಣನದು. ಶಿವರಾತ್ರಿ ಕಳೆದ ಮೇಲೆ ಆ ಮರ ಬಡಿಸಿ, ಹಣ್ಣು ಸುಲಿದು, ಬೀಜ ತೆಗೆದು ಉಂಡೆ ಕಟ್ಟುವುದೇ ನಂಜಮ್ಮನ ಇಡೀ ಬೇಸಿಗೆ. ಅದೇ ಅವರ ವರ್ಷದ ಜೀವನ. ನಮ್ಮ ಮನೆಯ ಸಾರಿಗೂ ಆ ಹುಣಸೆಯೇ. ವರ್ಷಕ್ಕೊಂದು ಉಂಡೆ ತಾವಾಗಿ ತಂದು ಕೊಡುತ್ತಿದ್ದರು.

ರಾಜಣ್ಣ ದೇವನಹಳ್ಳಿಯ ಕಡೆ ಪಾಳಿ ಕೆಲಸದಲ್ಲಿರುವವನು, ಅವತ್ತು ಬರಲಾಗಲಿಲ್ಲ. ತನ್ನ ಪರವಾಗಿ ಊರಿನ ಹಿರಿಯ ಹನುಮಂತಪ್ಪನವರನ್ನು ನಿಲ್ಲಿಸಿದ್ದ. ಸರ್ವೆಯರ್, ಅವರ ಸಹಾಯಕ, ಹನುಮಂತಪ್ಪ, ನಂಜಮ್ಮ, ನಾನು. ಒಟ್ಟು ಐದು ಜನ. ಹಿಂದಿನ ರಾತ್ರಿ ನನಗೆ ಎರಡು ಗಂಟೆ ನಿದ್ದೆಯಾಗಿತ್ತು, ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಿದ್ದರು. ಹೊಂಗೆಯ ನೆರಳಿಗೆ ಹೋಗಿ ಸ್ಕೂಟರಿಗೆ ಒರಗಿದ್ದು ನೆನಪಿದೆ. ಸರೋಜಳ ಫೋನು ನೆನಪಿದೆ. ಆಮೇಲೆ ಒಂದು ಬಿಳಿಯ ಹೊಳಪು, ಕಣ್ಣಿಗೆ ಚುಚ್ಚುವಂಥದ್ದು. ಅದಾದ ಮೇಲೆ ಕಾಗದದಲ್ಲಿ ಸಹಿ ಹಾಕುತ್ತಿದ್ದೇನೆ. ನಡುವಿನದು ಇಲ್ಲ. ಕಪ್ಪು ಕನ್ನಡಕದೊಳಗೆ ನಿಂತೇ ನಿದ್ದೆ ಮಾಡಿಬಿಟ್ಟೆ ಎಂದು ತಿಳಿದೆ. ಯಾರೂ ಗಮನಿಸಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆ.

ಎಂಟು ದಿನಕ್ಕೆ ಕಾಲುವೆ ಸರಿಮಾಡಲು ಬಂದ ಜೆಸಿಬಿ ಬದುವಿನ ಮಣ್ಣನ್ನೆಲ್ಲ ಕೆದಕಿ, ಕಲ್ಲನ್ನು ಎಬ್ಬಿಸಿ ಪಕ್ಕದಲ್ಲಿ ಮಲಗಿಸಿ ಹೋಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹನುಮಂತಪ್ಪನವರು ತೀರಿಕೊಂಡರು. ಶಿವರಾತ್ರಿಯಾಗಿ ನಂಜಮ್ಮ ಮರ ಬಡಿಸಲು ಮುನಿರಾಜು ಎಂಬ ಕೂಲಿಯವನನ್ನು ಕರೆದುಕೊಂಡು ಹೋದಾಗ ರಾಜಣ್ಣ ಬಂದು ನಿಂತ. ರಾಜಣ್ಣ ಕೆಟ್ಟವನಲ್ಲ. ಮರ ತನ್ನದಿರಬಹುದು ಎಂದು ಅವನಿಗೂ ನಿಜವಾಗಿ ಅನ್ನಿಸಿತ್ತು. ನಕ್ಷೆಯಲ್ಲಿ ಗೆರೆ ಇತ್ತು, ಮರ ಇರಲಿಲ್ಲ. ಮತ್ತೆ ಅಳತೆಗೆ ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ, ಅಷ್ಟರಲ್ಲಿ ಹಣ್ಣು ಉದುರಿ ಹುಳ ಹಿಡಿಯುತ್ತದೆ. ನನ್ನನ್ನೂ ಹೊಲಕ್ಕೆ ಕರೆಸಿದರು. ಬೇರೆ ತಾಲ್ಲೂಕಿಗೆ ವರ್ಗವಾಗಿದ್ದ ಸರ್ವೆಯರಿಗೆ ರಾಜಣ್ಣ ಫೋನು ಮಾಡಿ ಸ್ಪೀಕರಿನಲ್ಲಿಟ್ಟ. ಅವರು, "ದಿನಕ್ಕೆ ಮೂರ್ ಕಡೆ ಕಲ್ಲು ನೆಡಿಸ್ತೀನಪ್ಪ, ನಂಗೆಲ್ಲಿ ಜ್ಞಾಪಕ ಇರುತ್ತೆ?" ಎಂದರು. ಯಾರೂ ಅವರನ್ನು ಏನೂ ಅನ್ನಲಿಲ್ಲ. ಜ್ಞಾಪಕ ಇಲ್ಲ ಎಂದು ಹೇಳಿಯೂ ಮರ್ಯಾದೆಯಿಂದ ಬದುಕಬಹುದು ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಉದಾಹರಣೆ ಕಣ್ಣೆದುರಿಗೇ ನಡೆಯಿತು. ನನಗೆ ಅದು ಹೊಳೆದದ್ದು ಮರುದಿನ.

"ಮೇಷ್ಟ್ರು ಇದ್ರಲ್ಲ ಅವತ್ತು," ಎಂದ ರಾಜಣ್ಣ. "ಅವ್ರು ಯಾವ್ ಕಡೆ ಅಂತಾರೋ ಆ ಕಡೆ. ಅತ್ತಿಗೆ, ನಿಮ್ಗೆ ಒಪ್ಗೆ ತಾನೆ?"

"ನಂಗೇನಪ್ಪ," ಎಂದರು ನಂಜಮ್ಮ. "ನಾನ್ ಬಾಯೇ ಬಿಡಲ್ಲ. ನಾನ್ ಹೇಳ್ಕೊಟ್ಟೆ ಅನ್ನಂಗಾಗ್ಬಾರ್ದು. ಮೇಷ್ಟ್ರು ಕಣ್ಣಾರೆ ನೋಡವ್ರೆ, ಅವ್ರೇ ಹೇಳ್ಲಿ." ಹೀಗೆಂದು ಸೆರಗು ಬಾಯಿಗೆ ಇಟ್ಟುಕೊಂಡು ಒಂದು ಕಡೆ ನಿಂತರು. ಅವರ ಮುಖದಲ್ಲಿ ಒಂದಿಷ್ಟೂ ಆತಂಕವಿರಲಿಲ್ಲ.

ಆಗ ನಾನು ಮಾಡಿದ್ದನ್ನು ಇದ್ದಂತೆ ಬರೆಯುತ್ತೇನೆ. ನನಗೆ ನೆನಪಿರಲಿಲ್ಲ, ಆದ್ದರಿಂದ ಲೆಕ್ಕ ಮಾಡಿದೆ. ದತ್ತ: ಒಂದು ಬಿಳಿಯ ಹೊಳಪು. ಕಲ್ಲಿಗೆ ಸುಣ್ಣ ಬಳಿದಿತ್ತು, ಆದ್ದರಿಂದ ಹೊಳೆದದ್ದು ಕಲ್ಲು. ಹೊಳೆಯಬೇಕಾದರೆ ಅದು ಬಿಸಿಲಿನಲ್ಲಿರಬೇಕು. ಬೆಳಗ್ಗೆ ಹತ್ತೂಮುಕ್ಕಾಲಿಗೆ ಸೂರ್ಯ ಮೂಡಲಲ್ಲಿ, ಮರದ ನೆರಳು ಪಡುವಲಿಗೆ. ಪಡುವಲಲ್ಲಿ ನೆರಳಿದ್ದರೆ ಬಿಸಿಲಿದ್ದದ್ದು ಮೂಡಲಲ್ಲಿ. ಆದ್ದರಿಂದ ಕಲ್ಲು ಮರದ ಮೂಡಲಿಗೆ ಇತ್ತು. ಸಾಧನೆಯಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ನಡೆದುಹೋಗಿ, ಮರದ ಮೂಡಲಿಗೆ ಮೂರು ಅಡಿ ದೂರದಲ್ಲಿ ಹಿಮ್ಮಡಿ ಊರಿ, "ಇಲ್ಲಿ" ಎಂದೆ.

ರಾಜಣ್ಣನೇ ಸ್ವಲ್ಪ ತಬ್ಬಿಬ್ಬಾದ ಹಾಗೆ ಕಂಡ. ನಂಜಮ್ಮ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಜ್ವರ ಬಂದವರ ಹಣೆ ಮುಟ್ಟುವ ಮುಂಚೆ ನೋಡುತ್ತಾರಲ್ಲ, ಹಾಗಿತ್ತು.

"ಸರಿ ಬುಡಿ," ಎಂದರು. "ಮುನಿರಾಜು, ಮೇಷ್ಟ್ರು ತೋರ್ಸಿದ್ ಕಡೆ ಅಗಿಯಪ್ಪ, ಕಲ್ಲು ನಿಲ್ಸಾಣ."

ಮುನಿರಾಜು ಗುದ್ದಲಿ ಹಾಕಿದ. ಮೇಲೆ ಒಂದು ಗೇಣು ಜೆಸಿಬಿ ಕೆದಕಿದ ಸಡಿಲ ಮಣ್ಣು. ಅದರ ಕೆಳಗೆ ಗುದ್ದಲಿ ಠಣ್ ಎಂದು ಹಿಂದಕ್ಕೆ ಎಗರಿತು. ಇನ್ನೊಂದು ಏಟು ಹಾಕಿ, ಬಗ್ಗಿ ನೋಡಿ, ನನ್ನ ಕಡೆ ತಿರುಗಿದ. "ಸಾ, ಈ ನೆಲಾನ ಯಾರೂ ಇದುವರ್ಗೂ ಅಗ್ದಿಲ್ಲ ಸಾ. ನಮ್ ತಾತ ಹುಟ್ಟಕ್ಕಿಂತ ಮುಂಚಿಂದು. ಇಲ್ಲಿ ಕಲ್ಲು ನೆಟ್ಟಿದ್ರೆ, ಮಣ್ಣು ತೆಗೀದೆ ನೆಟ್ಟಿರ್ಬೇಕು."

"ಹಂಗಾದ್ರೆ ಈಗ ಇಲ್ಲಿ ಅಗಿ," ಎಂದು ನಂಜಮ್ಮ ಮರವನ್ನು ಸುತ್ತಿಕೊಂಡು ಪಡುವಲಿಗೆ ಹೋಗಿ ನಿಂತರು. ಅಲ್ಲಿ ಗುದ್ದಲಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮೊಳದಷ್ಟು ಹೋದ ಮೇಲೆ ಮುನಿರಾಜು ಕೈ ಹಾಕಿ ಒಂದೊಂದಾಗಿ ಎತ್ತಿಟ್ಟ. ಇದ್ದಿಲು ನಾಲ್ಕು ತುಂಡು. ಹೆಂಚಿನ ಚೂರು ಮೂರು. ಕಲ್ಲು ನೆಡುವಾಗ ಅಡಿಯಲ್ಲಿ ಇದ್ದಿಲನ್ನೂ ಹೆಂಚನ್ನೂ ಹಾಕುವುದು ಹಳಬರ ರೂಢಿಯಂತೆ. ಕಲ್ಲು ಕಿತ್ತುಹೋದರೂ ಅವು ಕೊಳೆಯುವುದಿಲ್ಲ, ಜಾಗ ಹೇಳುತ್ತವೆ. ಈಗ ಯಾರೂ ಮಾಡುವುದಿಲ್ಲ. ರಾಜಣ್ಣನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹನುಮಂತಪ್ಪನವರು ಅವತ್ತು ಮಡಿಲಿನಲ್ಲಿ ಕಟ್ಟಿಕೊಂಡು ಬಂದು ಗುಂಡಿಗೆ ಹಾಕಿದ್ದರಂತೆ.

ಕೊನೆಗೆ ಮುನಿರಾಜು ಇನ್ನೊಂದನ್ನು ಎತ್ತಿದ. ನಾಲ್ಕಾಗಿ ಮಡಚಿದ, ಮಣ್ಣು ಮೆತ್ತಿದ ಬೆಳ್ಳಿಯ ಬಣ್ಣದ ತಗಡು. ಬಿಡಿಸಿ, ತೊಡೆಗೆ ಒರೆಸಿ, ಬೆಳಕಿಗೆ ಹಿಡಿದು, ಕೂಡಿಸಿ ಕೂಡಿಸಿ ಓದಿದ. "ಶುಕ್ರ. ಶನಿ. ಭಾನು. ಇದೇನ್ ಸಾ, ಪಂಚಾಂಗನಾ?"

ಅಕ್ಷರ ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಸರೋಜಳ ಅಕ್ಷರ. 'ಭಾನು'ವಿನ ಗುಳಿ ಖಾಲಿ.

"ನೀವೇ ತಾನೆ ಹಾಕಿದ್ದು ಮೇಷ್ಟ್ರೆ," ಎಂದರು ನಂಜಮ್ಮ, ಮೆಲ್ಲಗೆ. "ಹನುಮಂತಣ್ಣ ಇದ್ದಿಲು ಹಾಕ್ತಾ, ಇದು ಕೊಳೆಯಲ್ಲ ಅಂದ. ನೀವು ಸ್ಕೂಟರ್ ಹತ್ರದಿಂದ ಎದ್ದು ಬಂದ್ರಿ. ನಾನ್ ಕೊಟ್ಟ ಸ್ಟೀಲ್ ಚೊಂಬಲ್ಲಿ ಮಜ್ಜಿಗೆ ಕುಡುದ್ರಿ, ಮಾತ್ರೆ ನುಂಗುದ್ರಿ. ಇದೂ ಕೊಳೆಯಲ್ಲ ಹನುಮಂತಪ್ಪ, ನನ್ ತಲೆಗಿಂತ ಗಟ್ಟಿ ಅಂತ ಹೇಳಿ ಗುಂಡಿಗೆ ಹಾಕುದ್ರಿ. ನಾವೆಲ್ಲ ನಕ್ಕಿದ್ವಲ್ಲ. ಹನುಮಂತಣ್ಣ ಕೆಮ್ಮು ಬರೋವರ್ಗೂ ನಕ್ಕ."

ಹೊಳಪು ಎಲ್ಲಿಂದ ಬಂತೆಂದು ಆಗ ತಿಳಿಯಿತು. ಚೊಂಬು. ದತ್ತವೇ ತಪ್ಪಾಗಿತ್ತು. ಆದರೆ ನನ್ನನ್ನು ನಡುಗಿಸಿದ್ದು ಅದಲ್ಲ. ನಿದ್ದೆ ಮಾಡಿದ್ದೆ ಎಂದು ನಾಲ್ಕು ತಿಂಗಳು ಗುಟ್ಟಾಗಿ ನಾಚಿಕೊಂಡಿದ್ದೆನಲ್ಲ, ಆ ನಾಚಿಕೆಯೂ ಸುಳ್ಳು. ನಾನು ಎಚ್ಚರವಾಗಿದ್ದೆ. ನಡೆದಿದ್ದೆ, ಕುಡಿದಿದ್ದೆ, ಒಂದು ಒಳ್ಳೆಯ ಹಾಸ್ಯವನ್ನೂ ಮಾಡಿದ್ದೆ. ವರ್ಷಕ್ಕೆ ಒಂದು ಹಾಸ್ಯ ಮಾಡುವವನು ನಾನು, ಅದೂ ನನಗೆ ಉಳಿಯಲಿಲ್ಲ. ಒಬ್ಬ ಹಿರಿಯರನ್ನು ಕಡೆಯ ಸಲ ನಗಿಸಿದ್ದು ನಂಜಮ್ಮನಿಗೆ ನೆನಪಿದೆ, ನಗಿಸಿದವನಿಗೆ ಇಲ್ಲ.

"ಅತ್ತಿಗೆ," ಎಂದ ರಾಜಣ್ಣ, "ಇದ್ದಿಲು ಹಾಕಿರೋದು ನಿಮ್ಗೆ ಗೊತ್ತಿತ್ತಲ್ಲ. ಮೊದ್ಲೇ ಹೇಳಿದ್ರೆ ಮುಗ್ದೋಗ್ತಿತ್ತಲ್ಲ."

"ಮನುಷ್ಯ ಇರ್ಬೇಕಾದ್ರೆ ಇದ್ದಿಲನ್ನ ಯಾಕಪ್ಪ ಕೇಳ್ಬೇಕು ಅಂದ್ಕಂಡೆ," ಎಂದರು ನಂಜಮ್ಮ.

ಅವರು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಅಷ್ಟು ಹೊತ್ತಿಗೆ ನನ್ನ ಬಲಗಣ್ಣಿನ ಹಿಂದೆ ಮೊಳೆ ಹೊಡೆಯುವವನು ಕೆಲಸಕ್ಕೆ ಹಾಜರಾಗಿದ್ದ. ನಾನು ಕನ್ನಡಕ ತೆಗೆದೆ. ಬಿಸಿಲು ನೇರವಾಗಿ ಹೊಡೆಯಿತು. ಹೊಡೆಯಲಿ ಎಂದು ಬಿಟ್ಟೆ. "ನಂಗೆ ನೆನಪಿರ್ಲಿಲ್ಲ ನಂಜಮ್ಮ," ಎಂದೆ. "ನೆನಪಿಲ್ಲ ಅಂತ ಹೇಳಕ್ಕೆ ನಾಚ್ಕೆ ಆಯ್ತು. ಲೆಕ್ಕ ಹಾಕಿ ಹೇಳ್ದೆ."

"ಮರಾನೇ ಹೋಗ್ಬುಡ್ತಿತ್ತಲ್ಲ ಸಾ ನಿಮ್ ಲೆಕ್ಕಕ್ಕೆ," ಎಂದು ಮುನಿರಾಜು ಹೇಳಿದ. ಅದಕ್ಕೆ ಯಾರೂ ನಗಲಿಲ್ಲ. ರಾಜಣ್ಣ ತಾನೇ ಬಂದು ಕಲ್ಲಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ. ಇದ್ದಿಲನ್ನೂ ಹೆಂಚನ್ನೂ ಮತ್ತೆ ಒಳಗೆ ಹಾಕಿದೆವು. ಪಟ್ಟಿಯನ್ನು ನಾನು ಜೇಬಿಗೆ ಹಾಕಿಕೊಳ್ಳಲು ಹೋದರೆ ನಂಜಮ್ಮ ಕೈ ಚಾಚಿ ಇಸಿದುಕೊಂಡು, ಮಡಚಿ ಗುಂಡಿಗೇ ಹಾಕಿದರು. "ಇರ್ಲಿ. ಸಾಕ್ಷಿ ಅಲ್ವಾ," ಎಂದರು.

ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ಗೊತ್ತಿಲ್ಲ ಅನ್ನೋದನ್ನ ನಿಮ್ ಸ್ಕೂಲ್ ಮಕ್ಳು ದಿನಾ ಹೇಳ್ತಾರಲ್ರೀ, ನೀವ್ ಅವ್ರ ಹತ್ರ ಕಲ್ತಿದ್ರೆ ಆಗ್ತಿತ್ತು" ಎಂದಳು. ಮರುದಿನ ಹೆಡ್ ಮಾಸ್ಟರ ಹತ್ತಿರ ಹೋಗಿ, ನನಗೆ ಇಂಥ ಕಾಯಿಲೆ ಇದೆ, ನಿದ್ದೆ ಸರಿಯಿಲ್ಲ, ಜ್ಞಾಪಕ ಕೈಕೊಡುತ್ತದೆ ಎಂದು ನಿಂತುಕೊಂಡೇ ಹೇಳಿದೆ. ಅವರು ನಗಲಿಲ್ಲ. "ಇದನ್ನ ನೀವು ಹೋದ ವಾರವೂ ಹೇಳಿದ್ರಿ ಕಣ್ರೀ, ಮಧ್ಯಾಹ್ನದ ಮೊದಲ ಪೀರಿಯಡ್ಡು ಬಿಡಿಸಿ ಕೊಟ್ಟಿದ್ದೀನಲ್ಲ" ಎಂದರು. ಹೇಳಿದ್ದೆನೋ, ಅಥವಾ ನನಗೆ ಸಂಕೋಚವಾಗದಿರಲೆಂದು ಅವರು ಹಾಗೆಂದರೋ ಇವತ್ತಿಗೂ ಬಗೆಹರಿದಿಲ್ಲ. ವೇಳಾಪಟ್ಟಿ ನೋಡಿದೆ. ಪೀರಿಯಡ್ಡು ಖಾಲಿ ಇತ್ತು.

ಯುಗಾದಿಗೆ ಮುಂಚೆ ನಂಜಮ್ಮ ಹುಣಸೆ ತಂದರು. ತರುವುದಿಲ್ಲ ಎಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಕೊಟ್ಟರು, ಎರಡು ಉಂಡೆ. "ಒಂದು ಇಸ್ಕಂಡಿದ್ ಮರ್ತು ಇನ್ನೊಂದು ಕೇಳಕ್ ಬರ್ತೀರ, ಅದ್ಕೇ ಒಟ್ಗೇ ತಂದೆ" ಎಂದರು. ಸರೋಜ ಒಳಗಿನಿಂದ ನಕ್ಕಳು. ನಾನೂ ನಕ್ಕೆ. ಆ ವರ್ಷದ ಸಾರೆಲ್ಲ ಹೆಚ್ಚು ಹುಳಿಯಾಗಿತ್ತು ಎಂದು ನನಗೆ ಅನ್ನಿಸುತ್ತದೆ, ಸರೋಜ ಯಾವಾಗಲೂ ಹಾಕುವಷ್ಟೇ ಹಾಕಿದ್ದೆ ಎನ್ನುತ್ತಾಳೆ. ನನ್ನ ಮಾತನ್ನು ನಂಬುವುದು ಬೇಡ.

ದಾಖಲೆಗಾಗಿ ಬರೆದಿಡುತ್ತೇನೆ. ನನ್ನ ಲೆಕ್ಕ ತಪ್ಪಿದ್ದನ್ನು ಕಂಡವರು ಮೂವರು. ನಂಜಮ್ಮ ಇದ್ದಾರೆ. ರಾಜಣ್ಣ ಇದ್ದಾನೆ. ಮುನಿರಾಜು ಇದ್ದಾನೆ, ಅವನು ಮರೆಯುವ ಲಕ್ಷಣ ಕಾಣುವುದಿಲ್ಲ. ಕಲ್ಲು ಮೊದಲ ಸಲ ನೆಟ್ಟದ್ದನ್ನು ಕಂಡವರು ಐವರು. ಹನುಮಂತಪ್ಪನವರು ಇಲ್ಲ. ಸರ್ವೆಯರೂ ಅವರ ಸಹಾಯಕನೂ ಬೇರೆ ತಾಲ್ಲೂಕಿನಲ್ಲಿ ಕಲ್ಲು ನೆಡುತ್ತಿದ್ದಾರೆ. ನಂಜಮ್ಮನಿಗೆ ಎಲ್ಲವೂ ನೆನಪಿದೆ. ಐದನೆಯವನು ಕಪ್ಪು ಕನ್ನಡಕ ಹಾಕಿಕೊಂಡು ಸ್ಕೂಟರಿಗೆ ಒರಗಿದ್ದನಂತೆ, ಎದ್ದು ಬಂದು ಎಲ್ಲರನ್ನೂ ನಗಿಸಿದನಂತೆ. ಅವನೂ ಇದ್ದಾನೆ. ದಯವಿಟ್ಟು ಅವನನ್ನು ಏನೂ ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತಾನೆ.